ಇರುವ ಮೂರು ಲೆನ್ಸ್‌ನಲ್ಲೇ ಮ್ಯಾಕ್ರೋ: ಚಗಳಿ ಇರುವೆಗೆ ಯಾವ ಜೋಡಣೆ, ಚಿಟ್ಟೆ ಮೊಟ್ಟೆಗೆ ಯಾವುದು?

ತೋಟದಂಚು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕ್ಯಾನನ್ 700ಡಿ ಕ್ಯಾಮೆರಾ ಇದೆ. ಜೊತೆಗೆ 18-55 ಐಎಸ್ ಎಸ್‌ಟಿಎಂ, 55-250 ಐಎಸ್ ಎಸ್‌ಟಿಎಂ, ಮತ್ತು ಪ್ಲಾಸ್ಟಿಕ್ ಮೌಂಟಿನ ಹಳೇ 50 ಎಂಎಂ ಎಫ್/1.8. ತೆಗೆಯಬೇಕಿರುವುದು ಎರಡೇ: ಮಾವಿನ ಮರದ ಚಗಳಿ ಇರುವೆ, ಮತ್ತು ಕರಿಬೇವಿನ ಚಿಗುರಿನ ಮೇಲೆ ನಿಂಬೆ ಚಿಟ್ಟೆ ಇಡುವ ಮೊಟ್ಟೆ. ಮ್ಯಾಕ್ರೋ ಲೆನ್ಸ್ (ಸಣ್ಣ ವಸ್ತುಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಕೊಳ್ಳುವ ಆಲೋಚನೆ ಸದ್ಯಕ್ಕಿಲ್ಲ. ರಿಂಗು, ಟ್ಯೂಬು, ಅಂಟು ಎಲ್ಲ ಸೇರಿ ಒಂದೂವರೆ ಸಾವಿರದೊಳಗೆ ಮುಗಿಯಬೇಕು.

ಲೆನ್ಸ್ ತಿರುಗಿಸಿ ಹಾಕುವುದು, ಕ್ಯಾಮೆರಾಗೂ ಲೆನ್ಸಿಗೂ ನಡುವೆ ಟೊಳ್ಳು ಟ್ಯೂಬ್ ಹಾಕುವುದು, ಎರಡು ಲೆನ್ಸ್ ಮುಖಾಮುಖಿ ಜೋಡಿಸುವುದು, ಈ ಮೂರರಲ್ಲಿ ಯಾವುದರಿಂದ ಶುರು ಮಾಡಲಿ? ತಿರುಗಿಸಿ ಹಾಕಿದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಮುಚ್ಚುವುದು ಹೇಗೆ? ಕ್ಯಾಮೆರಾದ ಪಾಪ್‌ಅಪ್ ಫ್ಲಾಶ್ ಸಾಕಾಗುತ್ತದೆಯೇ?

ಹಳೆಮಸೂರ:

ಮೊದಲು ವಸ್ತುವಿನ ಅಳತೆ ನೋಡಿ, ಆಮೇಲೆ ಸಲಕರಣೆ. ನಿಮ್ಮ ಸೆನ್ಸರ್ ಅಗಲ 22.3 ಮಿ.ಮೀ. 1 ಪಟ್ಟು ವರ್ಧನೆಯಲ್ಲಿ ಚೌಕಟ್ಟಿನೊಳಗೆ ಅಷ್ಟೇ ಅಗಲದ ಜಾಗ ಹಿಡಿಯುತ್ತದೆ, 2 ಪಟ್ಟಿನಲ್ಲಿ ಸುಮಾರು 11 ಮಿ.ಮೀ., 4 ಪಟ್ಟಿನಲ್ಲಿ ಐದೂವರೆ. ಚಗಳಿಯ ದೊಡ್ಡ ಕೆಲಸಗಾರ ಇರುವೆ 8-10 ಮಿ.ಮೀ. ಉದ್ದ. ಅದಕ್ಕೆ 1ರಿಂದ 2 ಪಟ್ಟು ಧಾರಾಳ ಸಾಕು. ಮೊಟ್ಟೆ ಹೆಚ್ಚುಕಮ್ಮಿ 1 ಮಿ.ಮೀ. ಗುಂಡು, ಅದಕ್ಕೆ 4 ಪಟ್ಟಿಗಿಂತ ಕಡಿಮೆಯಾದರೆ ಹಳದಿ ಚುಕ್ಕೆಯೊಂದು ಬಿಟ್ಟು ಬೇರೇನೂ ಕಾಣದು. ಹಾಗಾಗಿ ನಿಮ್ಮದು ಎರಡು ಬೇರೆ ಬೇರೆ ಕೆಲಸ, ಎರಡಕ್ಕೂ ಒಂದೇ ಜೋಡಣೆ ಹುಡುಕಬೇಡಿ.

ಇರುವೆಗೆ ಎಲ್ಲಕ್ಕಿಂತ ಅಗ್ಗದ ದಾರಿ ಲೆನ್ಸ್ ತಿರುಗಿಸುವುದು. 50 ತಿರುಗಿಸಿದರೆ 1 ಪಟ್ಟಿನ ಆಸುಪಾಸು. 18-55 ತಿರುಗಿಸಿದರೆ ಜೂಮ್ ರಿಂಗೇ ವರ್ಧನೆಯ ರಿಂಗ್ ಆಗುತ್ತದೆ: 55ರಲ್ಲಿ 1ರ ಹತ್ತಿರ, 18ಕ್ಕೆ ಹೋದಂತೆ ಮೂರೂವರೆ-ನಾಲ್ಕರ ತನಕ ಏರುತ್ತದೆ. ಸರಿಯಾದ ಅಂಕಿ ಬೇಕಿದ್ದರೆ ಸ್ಟೀಲ್ ಸ್ಕೇಲಿನ ಫೋಟೋ ತೆಗೆದು ಅಡ್ಡಕ್ಕೆ ಎಷ್ಟು ಮಿ.ಮೀ. ಕಾಣುತ್ತದೆಂದು ಎಣಿಸಿ, 22.3ನ್ನು ಅದರಿಂದ ಭಾಗಿಸಿ. ಯಾರೋ ಬರೆದ ಪಟ್ಟಿಗಿಂತ ನಿಮ್ಮ ಸ್ಕೇಲನ್ನೇ ನಂಬಿ.

ಕೊಳ್ಳುವಾಗ ಒಂದು ಜಾಣತನ ಮಾಡಿ. 18-55 ಮತ್ತು 55-250 ಎರಡರದೂ ಮುಂಭಾಗದ ಫಿಲ್ಟರ್ ಥ್ರೆಡ್ 58 ಮಿ.ಮೀ., ನಿಮ್ಮ 50ರದ್ದು 52. ಹಾಗಾಗಿ ಕ್ಯಾನನ್ ಇಎಫ್ ಮೌಂಟಿನ 58ರ ರಿವರ್ಸ್ ರಿಂಗ್ ಒಂದು, 52ರಿಂದ 58ಕ್ಕೆ ಏರಿಸುವ ಸ್ಟೆಪ್‌ಅಪ್ ರಿಂಗ್ ಒಂದು, ಎರಡೂ ಕಡೆ ಹೊರಥ್ರೆಡ್ ಇರುವ 58-58 ಜೋಡಣೆ ರಿಂಗ್ ಒಂದು. ಈ ಮೂರಿದ್ದರೆ ನಿಮ್ಮ ಮೂರೂ ಲೆನ್ಸನ್ನು ಬೇಕಾದ ಹಾಗೆ ಕೂಡಿಸಬಹುದು.

ಅಪರ್ಚರ್ ವಿಷಯ. ಕ್ಯಾನನ್ ಲೆನ್ಸ್‌ಗೆ ಅಪರ್ಚರ್ ರಿಂಗ್ ಇಲ್ಲ, ಕ್ಯಾಮೆರಾದಿಂದ ತೆಗೆದರೆ ಪೂರ್ತಿ ತೆರೆದೇ ಇರುತ್ತದೆ. ಮುಚ್ಚುವುದು ಹೀಗೆ: ಲೆನ್ಸನ್ನು ಮಾಮೂಲಿಯಾಗಿ ಹಾಕಿ, ಐಎಸ್ (ಕೈ ಅಲುಗಾಟ ಸರಿಪಡಿಸುವ ವ್ಯವಸ್ಥೆ) ಸ್ವಿಚ್ ಆಫ್, ಫೋಕಸ್ ಸ್ವಿಚ್ ಎಂಎಫ್ (ಕೈಯಿಂದ ಫೋಕಸ್). ಎಂ (ಮ್ಯಾನುವಲ್) ಮೋಡಿನಲ್ಲಿ ಎಫ್/8 ಇಡಿ; ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು. ಲೆನ್ಸ್ ಪಕ್ಕ ಕೆಳಗಿರುವ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ ಒತ್ತಿ ಹಿಡಿದುಕೊಳ್ಳಿ. ಬಿಡದೆಯೇ ಲೆನ್ಸ್ ತಿರುಗಿಸಿ ಬಿಚ್ಚಿ. ಆಮೇಲೆ ಗುಂಡಿ ಬಿಡಿ. ಹಿಂದಿನಿಂದ ನೋಡಿದರೆ ಅಪರ್ಚರ್ ಎಲೆಗಳು ಮುಚ್ಚಿಕೊಂಡಿರುವುದು ಕಾಣಬೇಕು. ಮತ್ತೆ ತೆರೆಯಲು ಕ್ಯಾಮೆರಾಗೆ ಹಾಕಿದರೆ ಸಾಕು. ಐಎಸ್ ಆಫ್ ಮಾಡಲು ಮರೆಯಬೇಡಿ: ಅದು ಓಡುತ್ತಿರುವಾಗ ಬಿಚ್ಚಿದರೆ ಒಳಗಿನ ತೇಲುವ ಗಾಜು ತನ್ನ ಜಾಗಕ್ಕೆ ಬಂದು ನಿಲ್ಲುವುದಿಲ್ಲ, ಚಿತ್ರ ಒಂದು ಕಡೆ ಮಸುಕಾಗುತ್ತದೆ.

ತಿರುಗಿಸಿದ ಮೇಲೆ ಪರದೆಯಲ್ಲಿ ಅಪರ್ಚರ್ ಜಾಗದಲ್ಲಿ 00 ಬರುತ್ತದೆ. ಗಾಬರಿ ಬೇಡ, ಶಟರ್ ಕೆಲಸ ಮಾಡುತ್ತದೆ. 18-55 ಎಸ್‌ಟಿಎಂನ ಫೋಕಸ್ ರಿಂಗ್‌ಗೆ ಕರೆಂಟ್ ಬೇಕು, ಹಾಗಾಗಿ ತಿರುಗಿಸಿದಾಗ ಅದನ್ನು ಎಷ್ಟು ತಿರುವಿದರೂ ಉಪಯೋಗವಿಲ್ಲ. ಫೋಕಸ್ ಎಂದರೆ ಕ್ಯಾಮೆರಾವನ್ನೇ ಮಿಲಿಮೀಟರ್ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಸುವುದು.

ಕಡೆಯದಾಗಿ ಒಂದು ಲೆಕ್ಕ. ಹತ್ತಿರ ಹೋದಂತೆ ಅಪರ್ಚರ್ ಬರೆದ ಅಂಕಿಯಷ್ಟೇ ಉಳಿಯುವುದಿಲ್ಲ. ಬರೆದ ಅಂಕಿಯನ್ನು, ವರ್ಧನೆಗೆ 1 ಕೂಡಿಸಿ ಬಂದದ್ದರಿಂದ ಗುಣಿಸಿ. ಎಫ್/8, 2 ಪಟ್ಟು ಎಂದರೆ ನಿಜಕ್ಕೂ ಎಫ್/24. ಎಫ್/8, 4 ಪಟ್ಟು ಎಂದರೆ ಎಫ್/40. ನಿಜದ ಅಂಕಿ 22-25 ದಾಟಿತೆಂದರೆ ಬೆಳಕಿನ ವಿವರ್ತನೆಯಿಂದ (ಸಣ್ಣ ಕಿಂಡಿ ದಾಟುವಾಗ ಬೆಳಕು ಹರಡುವುದರಿಂದ) ಇಡೀ ಚಿತ್ರ ಮೆತ್ತಗಾಗುತ್ತದೆ. ಆದ್ದರಿಂದ 1 ಪಟ್ಟಿಗೆ ಎಫ್/8-11, 2ಕ್ಕೆ ಎಫ್/8, 4ಕ್ಕೆ ಎಫ್/4-5. ಎಫ್/16, ಎಫ್/22 ಯಾವ ಜೋಡಣೆಯಲ್ಲೂ ಬೇಡ.

ಕಡಜ:

ಟ್ಯೂಬ್ ಬಗ್ಗೆ ನಾನು ಹೇಳುತ್ತೇನೆ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಎಷ್ಟು ವರ್ಧನೆ ಹೆಚ್ಚುತ್ತದೆಂದು ಸಿಗುತ್ತದೆ. 13, 21, 31ರ ಮೂರು ತುಂಡಿನ ಸೆಟ್ಟು ಒಟ್ಟು 65 ಮಿ.ಮೀ.; ನಿಮ್ಮ 50ರ ಹಿಂದೆ ಹಾಕಿದರೆ 1.3 ಪಟ್ಟು. ಅದೇ ಸೆಟ್ಟನ್ನು 250ರಲ್ಲಿಟ್ಟ ಜೂಮಿಗೆ ಹಾಕಿದರೆ ಹೆಚ್ಚುವುದು ಕಾಲು ಪಟ್ಟು ಮಾತ್ರ. 18ರಲ್ಲಿಟ್ಟ ಕಿಟ್ ಲೆನ್ಸಿಗೆ ಹಾಕಿದರೆ ಫೋಕಸ್ ಬೀಳುವ ಜಾಗ ಗಾಜಿನೊಳಗೇ ಹೋಗುತ್ತದೆ, ಏನೂ ಕಾಣುವುದಿಲ್ಲ. ಅಂದರೆ ನಿಮ್ಮ ಚೀಲದಲ್ಲಿ ಟ್ಯೂಬಿಗೆ ತಕ್ಕ ಲೆನ್ಸ್ 50 ಒಂದೇ.

ವಿದ್ಯುತ್ ಸಂಪರ್ಕವಿರುವ ಟ್ಯೂಬ್ ಕೊಂಡರೆ ಅಪರ್ಚರ್ ಕ್ಯಾಮೆರಾದಿಂದಲೇ ಬದಲಾಗುತ್ತದೆ. ಇರುವೆಯ ಹಿಂದೆ ಓಡಾಡುವವರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಪೂರ್ತಿ ತೆರೆದ ಬೆಳಕಿನಲ್ಲಿ ನೋಡಿ, ಒತ್ತಿದಾಗ ಮಾತ್ರ ಎಫ್/8 ಆಗುತ್ತದೆ. ತಿರುಗಿಸಿದ ಲೆನ್ಸಿನಲ್ಲಿ ವ್ಯೂಫೈಂಡರ್ ಯಾವಾಗಲೂ ಕತ್ತಲೆ. ಆದರೆ ನಿಮ್ಮ ಬಜೆಟ್ಟಿನಲ್ಲಿ ರಿಂಗು ಮತ್ತು ಇಂಥ ಟ್ಯೂಬು ಎರಡೂ ಬರುವುದು ಕಷ್ಟ. ಬರೀ ಲೋಹದ ಬಳೆಗಳಂತಿರುವ, ಸಂಪರ್ಕವಿಲ್ಲದ ಟ್ಯೂಬ್ ಮಾತ್ರ ಬೇಡ. ಅದಕ್ಕೂ ಅಪರ್ಚರ್ ಮುಚ್ಚಿ ಬಿಚ್ಚುವ ಅದೇ ಸರ್ಕಸ್ಸು ಬೇಕು, ವರ್ಧನೆ ಮಾತ್ರ ತಿರುಗಿಸಿದ 18-55ಕ್ಕಿಂತ ಕಡಿಮೆ.

ರಿಂಗ್ ಕೊಳ್ಳುವುದೂ ಬೇಡವೆನ್ನುವವರು ಮನೆಯಲ್ಲೇ ಮಾಡಬಹುದು. ಒಂದು ಹೆಚ್ಚುವರಿ ಬಾಡಿ ಕ್ಯಾಪ್ (ಲೆನ್ಸ್ ಇಲ್ಲದಾಗ ಕ್ಯಾಮೆರಾ ಬಾಯಿಗೆ ಹಾಕುವ ಮುಚ್ಚಳ), ಒಂದು ಗೀರು ಬಿದ್ದ 58ರ ಯುವಿ ಫಿಲ್ಟರ್ ಬೇಕು. ಫಿಲ್ಟರಿನ ಗಾಜನ್ನು ಹಿಡಿದಿರುವ ಒಳಬಳೆಗೆ ಎರಡು ಕಚ್ಚು ಇರುತ್ತವೆ, ಚಿಮುಟದ ಎರಡು ತುದಿ ಅದರಲ್ಲಿಟ್ಟು ತಿರುಗಿಸಿದರೆ ಗಾಜು ಬರುತ್ತದೆ. ಬಾಡಿ ಕ್ಯಾಪಿನ ನಡುವೆ 40 ಮಿ.ಮೀ. ವೃತ್ತ ಗುರುತಿಸಿ, ಸುತ್ತಲೂ ಸಣ್ಣ ಡ್ರಿಲ್ ತೂತು ಹೊಡೆದು ಕತ್ತರಿಸಿ, ಅಂಚು ಅರದಿಂದ ಉಜ್ಜಿ. ಫಿಲ್ಟರಿನ ಹೊರಥ್ರೆಡ್ ಲೆನ್ಸ್ ಕಡೆಗೆ ಉಳಿಯಬೇಕು. ಹಾಗಾಗಿ ಅಂಟು ಹಚ್ಚುವುದು ಇನ್ನೊಂದು ಮುಖಕ್ಕೆ, ಅಂದರೆ ಒಳಥ್ರೆಡ್ ಇರುವ ಕಡೆಗೆ. ಈ ಒಂದು ಜಾಗದಲ್ಲಿ ಉಲ್ಟಾ ಆಗುವುದೇ ಹೆಚ್ಚು. ಎರಡೂ ಮೇಲ್ಮೈಯನ್ನು 120ರ ಎಮರಿ ಕಾಗದದಿಂದ ಚೆನ್ನಾಗಿ ಒರಟು ಮಾಡಿ, ಅರಾಲ್ಡೈಟ್ ಹಚ್ಚಿ, ಮೇಲೆ ಭಾರವಿಟ್ಟು ಒಂದು ದಿನ ಪೂರ್ತಿ ಬಿಡಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟು, ಫೆವಿಕ್ವಿಕ್ ಎರಡೂ ಇಲ್ಲಿ ಬೇಡ: ನೇತಾಡುವ ಭಾರಕ್ಕೆ ಎಂದಾದರೊಂದು ದಿನ ತಟ್ಟನೆ ಬಿಟ್ಟುಕೊಳ್ಳುತ್ತವೆ, ಫೆವಿಕ್ವಿಕ್‌ನ ಆವಿ ಹತ್ತಿರದ ಗಾಜಿನ ಮೇಲೆ ಬಿಳಿ ಪೊರೆಯನ್ನೂ ಕಟ್ಟುತ್ತದೆ. ಎರಡು ಫಿಲ್ಟರ್ ಬಳೆಗಳ ಒಳಥ್ರೆಡ್ ಮುಖಗಳನ್ನು ಹೀಗೇ ಒಂದಕ್ಕೊಂದು ಅಂಟಿಸಿದರೆ ಜೋಡಣೆ ರಿಂಗೂ ಆಯಿತು. ಮುಗಿದ ಮೇಲೆ ಪ್ಲಾಸ್ಟಿಕ್ ಪುಡಿ ಒಂದು ಕಣವೂ ಉಳಿಯದಂತೆ ತೊಳೆದು ಒಣಗಿಸಿ. ಉಳಿದರೆ ಅದು ಹೋಗಿ ಕೂರುವುದು ಸೆನ್ಸರ್ ಮೇಲೆ.

ಪಿವಿಸಿ ಪೈಪಿನ ಟ್ಯೂಬ್ ಮಾಡುವವರಿಗೆ ಒಂದೇ ಮಾತು: ಒಳಗೆ ಹೊಳಪಿಲ್ಲದ ಕಪ್ಪು ಕಾಗದ ಸುತ್ತದೆ ಬಳಸಬೇಡಿ. ನುಣುಪು ಪೈಪಿನ ಒಳಮೈ ಬೆಳಕನ್ನು ಸೆನ್ಸರ್‌ಗೆ ಎರಚುತ್ತದೆ, ಚಿತ್ರಕ್ಕೆ ಹಾಲು ಚೆಲ್ಲಿದಂತಾಗುತ್ತದೆ.

ಮೂರನೇಕಣ್ಣು:

ಮೊಟ್ಟೆಗೆ ಮುಖಾಮುಖಿ ಜೋಡಣೆಯೇ ಸರಿ. ಹಳೆಮಸೂರ ಅವರ ಒಂದು ಮಾತನ್ನು ಇಲ್ಲಿ ತಿದ್ದಬೇಕು, ಆಮೇಲೆ ಹೇಳುತ್ತೇನೆ.

55-250ನ್ನು ಕ್ಯಾಮೆರಾಗೆ ಮಾಮೂಲಿಯಾಗಿ ಹಾಕಿ. ಅದರ ಮುಂದೆ 58-58 ರಿಂಗ್, ಅದಕ್ಕೆ 52-58 ಸ್ಟೆಪ್‌ಅಪ್, ಅದಕ್ಕೆ ತಿರುಗಿಸಿದ 50. ವರ್ಧನೆ ಎಂದರೆ ಹಿಂದಿನ ಲೆನ್ಸ್ ಭಾಗಿಸು ಮುಂದಿನ ಲೆನ್ಸ್: 200ರಲ್ಲಿ 4 ಪಟ್ಟು, 250ರಲ್ಲಿ 5. ಜೂಮನ್ನು 100ಕ್ಕಿಂತ ಕೆಳಗಿಳಿಸಿದರೆ ಮೂಲೆಗಳು ಕಪ್ಪಾಗುತ್ತವೆ, ಅದು ಸಹಜ. 50ರ ತೂಕ 130 ಗ್ರಾಂ ಮಾತ್ರ, 55-250 ಎಸ್‌ಟಿಎಂನಲ್ಲಿ ಫೋಕಸ್ ಒಳಗೇ ನಡೆಯುತ್ತದೆ, ಮುಂಭಾಗ ತಿರುಗುವುದಿಲ್ಲ, ಹಾಗಾಗಿ ಮೋಟಾರಿಗೆ ಭಾರ ಬೀಳುವುದಿಲ್ಲ. ಕೆಳಮುಖ ಹಿಡಿದಾಗ ಮಾತ್ರ ಜೂಮ್ ಜಾರಬಹುದು, ಅಗಲದ ರಬ್ಬರ್ ಬ್ಯಾಂಡ್ ಒಂದನ್ನು ಜೂಮ್ ರಿಂಗಿನ ಸಂದಿಗೆ ಬರುವಂತೆ ಹಾಕಿ.

ಜೋಡಿಸುವ ಮೊದಲು 55-250ನ್ನು ದೂರದ ಮರಕ್ಕೋ ಕಟ್ಟಡಕ್ಕೋ ಆಟೋಫೋಕಸ್ ಮಾಡಿ ಎಂಎಫ್‌ಗೆ ಹಾಕಿ. ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮಾಡಬೇಕಾಗಬಹುದು. 50 ತಾನಾಗಿಯೇ ಪೂರ್ತಿ ತೆರೆದಿರುತ್ತದೆ, ಹಾಗೇ ಇರಲಿ. ಅಪರ್ಚರ್ ಬದಲಿಸುವುದು 55-250ರಿಂದ, ಅದಕ್ಕೆ ಕರೆಂಟಿದೆ, ಗುಂಡಿ ಹಿಡಿದು ಬಿಚ್ಚುವ ಕಸರತ್ತು ಇಲ್ಲವೇ ಇಲ್ಲ. ವಸ್ತು 50ರ ಮೌಂಟಿನಿಂದ ಸುಮಾರು 44 ಮಿ.ಮೀ. ದೂರದಲ್ಲಿ ಸ್ಪಷ್ಟವಾಗುತ್ತದೆ, ಅದು ಇಎಫ್ ಮೌಂಟಿನಿಂದ ಸೆನ್ಸರ್‌ಗಿರುವ ದೂರವೇ.

ಈಗ ತಿದ್ದುಪಡಿ. ವರ್ಧನೆಗೆ 1 ಕೂಡಿಸಿ ಗುಣಿಸುವ ಲೆಕ್ಕ ತಿರುಗಿಸಿದ ಲೆನ್ಸಿಗೂ ಟ್ಯೂಬಿಗೂ ಸರಿ, ಈ ಜೋಡಣೆಗೆ ಅಲ್ಲ. ಇಲ್ಲಿ ಹಿಂದಿನ ಲೆನ್ಸ್ ಅನಂತಕ್ಕೆ (ಬಹುದೂರಕ್ಕೆ) ಫೋಕಸ್ ಆಗಿದೆ, ಸೆನ್ಸರ್‌ನಿಂದ ಮುಂದೆ ಸರಿದಿಲ್ಲ. ಆದ್ದರಿಂದ ಅದು ತೋರಿಸುವ ಎಫ್ ಅಂಕಿಯೇ ನಿಜದ ಅಂಕಿ. ಎಫ್/16 ಎಂದರೆ ಎಫ್/16, ಅಷ್ಟೇ. ಇಲ್ಲಿ ಎಫ್/16 ಧೈರ್ಯವಾಗಿ ಬಳಸಿ. ಇನ್ನೊಂದು ಕಡೆಯ ಮಿತಿಯೂ ಇದೆ: 4 ಪಟ್ಟಿನಲ್ಲಿ ಎಫ್/1.8ರ 50 ಕೊಡುವುದು 1.8 ಗುಣಿಸು 4, ಅಂದರೆ ಎಫ್/7.2. ಹಿಂದೆ ಎಫ್/5.6 ಇಟ್ಟರೂ ಅದಕ್ಕಿಂತ ಹೆಚ್ಚು ಬೆಳಕು ಬರುವುದಿಲ್ಲ. ಎಫ್/16ಕ್ಕೆ ಮುಚ್ಚಿದಾಗ ಮೂಲೆ ಕಪ್ಪಾದರೆ ಉಲ್ಟಾ ಮಾಡಿ ನೋಡಿ: ಹಿಂದಿನದನ್ನು ತೆರೆದು, ಮುಂದಿನ 50ನ್ನು ಗುಂಡಿ ಹಿಡಿದು ಬಿಚ್ಚುವ ವಿಧಾನದಿಂದಲೇ ಎಫ್/4ಕ್ಕೆ ಮುಚ್ಚಿ ಜೋಡಿಸಿ. 4 ಪಟ್ಟಿನಲ್ಲಿ ಅದೂ ಎಫ್/16ರ ಸಮವೇ.

ಸ್ಪಷ್ಟತೆಯ ಆಳ ಈ ಮಟ್ಟದಲ್ಲಿ ಸುಮಾರು 0.04 ಮಿ.ಮೀ. ಮೊಟ್ಟೆಯ ಮೇಲಿನ ಅರ್ಧ ಗೋಳಕ್ಕೇ 0.5 ಮಿ.ಮೀ. ಎತ್ತರ. ಒಂದು ಫೋಟೋದಲ್ಲಿ ಬರುವುದಿಲ್ಲ, ಪದರ ಪದರವಾಗಿ ತೆಗೆದು ಸೇರಿಸಬೇಕು. 0.03 ಮಿ.ಮೀ. ಹೆಜ್ಜೆಯಂತೆ 17-20 ಚಿತ್ರ. ಇದಕ್ಕೆ ಕ್ಯಾಮೆರಾವನ್ನು ಸಣ್ಣ ಹೆಜ್ಜೆಯಲ್ಲಿ ಸರಿಸುವ ರೈಲು ಕೊಳ್ಳಬೇಡಿ, ಆ ಕೆಲಸ ಮಾಡುವುದು ನಿಮ್ಮ ಹತ್ತಿರ ಆಗಲೇ ಇದೆ. 55-250ರ ಫೋಕಸನ್ನು ಅನಂತದಿಂದ ಹತ್ತಿರಕ್ಕೆ ತಂದಂತೆ ವಸ್ತುವಿನ ಕಡೆ ಸ್ಪಷ್ಟ ಪದರ ಬಹಳ ಸಣ್ಣದಾಗಿ ಸರಿಯುತ್ತದೆ. 50ರ ವರ್ಗವನ್ನು ಫೋಕಸ್ ದೂರದಿಂದ ಭಾಗಿಸಿದಷ್ಟು: 5 ಮೀಟರಿಗೆ ಇಟ್ಟರೆ ಅರ್ಧ ಮಿ.ಮೀ., ಅದರ ಅತಿ ಹತ್ತಿರದ 85 ಸೆಂ.ಮೀ.ಗೆ ಇಟ್ಟರೆ ಸುಮಾರು 3 ಮಿ.ಮೀ. ಮೊಟ್ಟೆಗೆ ಇಷ್ಟು ಪಯಣ ಧಾರಾಳ. ಕ್ಯಾಮೆರಾವನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರ್‌ಗೆ ಸೇರಿಸಿ ಕ್ಯಾನನ್‌ನ ಇಒಎಸ್ ಯುಟಿಲಿಟಿಯಲ್ಲಿ ಲೈವ್ ವ್ಯೂ ತೆರೆದರೆ ಫೋಕಸ್ ಸರಿಸಲು ಮೂರು ಅಳತೆಯ ಬಾಣಗಳಿವೆ, ಅತಿ ಸಣ್ಣದನ್ನು ಒತ್ತುತ್ತಾ ಹೋಗಿ. ಇದಕ್ಕೆ ಮಾತ್ರ ಲೆನ್ಸ್ ಸ್ವಿಚ್ ಎಎಫ್‌ನಲ್ಲಿರಬೇಕು.

ಚಿತ್ರಗಳನ್ನು ಸೇರಿಸಲು ಹ್ಯೂಗಿನ್ ಎಂಬ ಸಾಫ್ಟ್‌ವೇರ್ ಜೊತೆ ಬರುವ ಎನ್‌ಫ್ಯೂಸ್ ಪುಕ್ಕಟೆ. ಎಕ್ಸ್‌ಪೋಷರ್ ಮತ್ತು ಸ್ಯಾಚುರೇಷನ್ ತೂಕ 0, ಕಾಂಟ್ರಾಸ್ಟ್ ತೂಕ 1, ಹಾರ್ಡ್ ಮಾಸ್ಕ್ ಆನ್. ಮಾಸ್ಕ್ ಮರೆತರೆ ಎಲ್ಲ ಪದರಗಳೂ ಕಲಸಿ ಮಂಜಾಗುತ್ತದೆ.

ಗಾಳಿಗೆ ಚಿಗುರು ಅಲುಗಿದರೆ ಇಷ್ಟೂ ವ್ಯರ್ಥ. ಕರಿಬೇವಿನ ಬುಡದಲ್ಲಿ ಒಂದು ಕಡ್ಡಿ ನೆಟ್ಟು, ಅದಕ್ಕೆ ಕಟ್ಟಿದ ಬಟ್ಟೆ ಕ್ಲಿಪ್ಪಿನಿಂದ ಎಲೆಯ ತೊಟ್ಟನ್ನು ಹಿಡಿಸಿ. ದಯವಿಟ್ಟು ಎಲೆ ಕೀಳಬೇಡಿ. ಕಿತ್ತ ಎಲೆ ಬಾಡಿದರೆ ಮರಿಹುಳ ಹೊರಬಂದಾಗ ತಿನ್ನಲು ಚಿಗುರೇ ಇರುವುದಿಲ್ಲ.

ಬೆಳಕಿಂಡಿ:

ಲೆನ್ಸಿನ ಮಾತು ಎಲ್ಲರೂ ಹೇಳಿದ್ದಾರೆ. ಆದರೆ ಮ್ಯಾಕ್ರೋ ಚಿತ್ರ ಕೆಡುವುದು ಬಹುಪಾಲು ಬೆಳಕಿನಿಂದ. ಖರ್ಚಿಗೆ ಇಟ್ಟ ದುಡ್ಡಿನಲ್ಲಿ ಉಳಿದದ್ದನ್ನೆಲ್ಲ ಇಲ್ಲಿಗೆ ಹಾಕಿ.

ಪಾಪ್‌ಅಪ್ ಫ್ಲಾಶಿಗೆ ಶಕ್ತಿ ಸಾಕು, ಜಾಗ ಸರಿಯಿಲ್ಲ. ವಸ್ತು ಲೆನ್ಸಿನ ಮೂತಿಯಿಂದ ನಾಲ್ಕಾರು ಸೆಂ.ಮೀ. ದೂರದಲ್ಲಿರುವಾಗ ಲೆನ್ಸಿನ ನೆರಳು ಸರಿಯಾಗಿ ಅದರ ಮೇಲೆಯೇ ಬೀಳುತ್ತದೆ. ಬೆಳಕನ್ನು ಮುಂದಕ್ಕೆ ಒಯ್ಯಬೇಕು. ಚಿಪ್ಸ್ ಬರುವ ಉದ್ದನೆಯ ರಟ್ಟಿನ ಡಬ್ಬಿ ಇದೆಯಲ್ಲ, ಒಳಗೆ ಬೆಳ್ಳಿ ಹೊಳಪಿರುವುದು, ಅದೇ ಒಳ್ಳೆಯ ಕೊಳವೆ. ತಳದ ಹತ್ತಿರ ಪಕ್ಕಕ್ಕೆ ಫ್ಲಾಶ್ ತಲೆ ಬಿಗಿಯಾಗಿ ಕೂರುವಷ್ಟು ಕಿಂಡಿ ಕೊರೆಯಿರಿ. ಫ್ಲಾಶಿನ ಮುಖ ತೆರೆದ ಬಾಯಿಯ ಕಡೆಗಿರಲಿ, ಬೆಳಕು ಕೊಳವೆಯೊಳಗೇ ಮುಂದಕ್ಕೆ ಹೋಗುತ್ತದೆ. ತೆರೆದ ಬಾಯಿಗೆ ಬಟರ್ ಪೇಪರ್ ಎರಡು ಪದರ. ಡಬ್ಬಿಯನ್ನು ಲೆನ್ಸಿನ ಮೇಲೆ ಮಲಗಿಸಿ ರಬ್ಬರ್ ಬ್ಯಾಂಡ್ ಹಾಕಿ, ಬಾಯಿ ಲೆನ್ಸಿನ ಮೂತಿಗಿಂತ ಸ್ವಲ್ಪ ಮುಂದೆ, ಕೆಳಕ್ಕೆ ಓರೆಯಾಗಿರಲಿ. ಮುಖಾಮುಖಿ ಜೋಡಣೆಯ ಉದ್ದಕ್ಕೆ ಒಂದು ಡಬ್ಬಿ ಸಾಲದೆ ಹೋಗಬಹುದು, ಆಗ ಇನ್ನೊಂದನ್ನು ಕತ್ತರಿಸಿ ಸೇರಿಸಿ.

ಆದರೆ ಚಗಳಿಯ ಮೈ ಗಾಜಿನಂತೆ ಹೊಳೆಯುತ್ತದೆ. ಬೆಳಕಿನ ಬಾಯಿ ಚಿಕ್ಕದಾದರೆ ಅದರ ತಲೆಯ ಮೇಲೆ ಬಿಳಿ ಬೊಟ್ಟು ಕೂರುತ್ತದೆ. ಮೃದುತನ ಬರುವುದು ಕಾಗದ ಎಷ್ಟು ದಪ್ಪ ಎಂಬುದರಿಂದಲ್ಲ, ಇರುವೆಯ ಕಣ್ಣಿಗೆ ಬೆಳಗುವ ಮೇಲ್ಮೈ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದ. ಟಿವಿ, ಮಿಕ್ಸಿ ಪೆಟ್ಟಿಗೆಯಲ್ಲಿ ಸುತ್ತಿ ಬರುವ ಬಿಳಿ ಫೋಮ್ ಹಾಳೆ ತೆಗೆದುಕೊಳ್ಳಿ, 30 ಸೆಂ.ಮೀ. ಉದ್ದ, 20 ಅಗಲ. ಒಂದು ತುದಿಯಲ್ಲಿ ಲೆನ್ಸ್ ತೂರುವಷ್ಟು ತೂತು ಮಾಡಿ, ಲೆನ್ಸಿನ ಮೂತಿಗೆ ಸಿಕ್ಕಿಸಿ, ಉಳಿದದ್ದನ್ನು ಚಪ್ಪರದಂತೆ ಮುಂದಕ್ಕೆ ಬಾಗಿಸಿ. ಡಬ್ಬಿಯ ಬೆಳಕು ಆ ಚಪ್ಪರದ ಮೇಲೆ ಬೀಳಲಿ.

ಫ್ಲಾಶ್ ಮೆನುವಿನಲ್ಲಿ ಮ್ಯಾನುವಲ್ ಆರಿಸಿ, 1/4ರಿಂದ ಶುರು. ಶಟರ್ 1/200, ಐಎಸ್‌ಒ 200. ಚಿತ್ರ ಕತ್ತಲಾದರೆ ಮೊದಲು ಐಎಸ್‌ಒ 400 ಮಾಡಿ, ಫ್ಲಾಶ್ ಆಮೇಲೆ ಏರಿಸಿ. ಫ್ಲಾಶ್ ಶಕ್ತಿ ಕಡಿಮೆಯಿದ್ದಷ್ಟೂ ಮಿಂಚಿನ ಅವಧಿ ಚಿಕ್ಕದು, ಓಡುವ ಕಾಲೂ ನಿಂತಂತೆ ಬರುತ್ತದೆ, ಕೈ ನಡುಗಿದ್ದೂ ಕಾಣುವುದಿಲ್ಲ. ಹಿನ್ನೆಲೆ ಕಪ್ಪಾಗುವುದು ಬೇಡವಾದರೆ ಇರುವೆಯ ಹಿಂದೆ ಹತ್ತು ಸೆಂ.ಮೀ. ಒಳಗೆ ಇನ್ನೊಂದು ಎಲೆ ಬರುವಂತೆ ಕೋನ ಹುಡುಕಿ.

ಚಗಳಿ ನಿಲ್ಲುವುದಿಲ್ಲ, ನಿಲ್ಲಿಸಬೇಕು. ಗೂಡಿನಿಂದ ದೂರ, ಅವು ಓಡಾಡುವ ಕೊಂಬೆಯ ಮೇಲೆ ಸಕ್ಕರೆ ನೀರಿನ ಸಣ್ಣ ಹನಿ ಇಡಿ. ಕುಡಿಯುವಾಗ ಕೆಲವು ಸೆಕೆಂಡು ತಲೆ ಅಲುಗುವುದಿಲ್ಲ. ಎಡಗೈಯಲ್ಲಿ ಆ ಕೊಂಬೆ ಹಿಡಿದು, ಅದೇ ಕೈಯ ಮೇಲೆ ಲೆನ್ಸನ್ನು ಊರಿ. ಆಗ ಕೊಂಬೆ ಅಲುಗಿದರೂ ಕ್ಯಾಮೆರಾ ಜೊತೆಗೇ ಅಲುಗುತ್ತದೆ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಕಚ್ಚಿದ ಜಾಗಕ್ಕೆ ಅವು ಆಮ್ಲ ಚಿಮ್ಮಿಸುತ್ತವೆ, ಲೆನ್ಸ್ ಮೇಲೆ ಬಿದ್ದರೆ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ.

ತೋಟದಂಚು:

ಎಲ್ಲರಿಗೂ ತುಂಬಾ ಧನ್ಯವಾದ. ಮೂರೂ ರಿಂಗು ಬಂದವು, ಸ್ಕೇಲಿನ ಲೆಕ್ಕವೂ ತಾಳೆಯಾಯಿತು. ತಿರುಗಿಸಿದ 18-55ರಲ್ಲಿ ಮಾತ್ರ ಫ್ಲಾಶ್ ಹಾಕಿದಾಗ ಚಿತ್ರದ ನಡುವೆ ಮಬ್ಬು ಬಿಳಿ ಮಚ್ಚೆ ಬರುತ್ತಿದೆ. ಫ್ಲಾಶ್ ಇಲ್ಲದೆ ಬಿಸಿಲಲ್ಲಿ ತೆಗೆದರೆ ಇಲ್ಲ. ಮುಖಾಮುಖಿ ಜೋಡಣೆಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಲೆನ್ಸ್ ಹಾಳಾಯಿತೇ?

ಹಳೆಮಸೂರ:

ಮೊದಲು, ಮೂರನೇಕಣ್ಣು ಅವರ ತಿದ್ದುಪಡಿ ಸರಿ. ಎಫ್/16 ಯಾವ ಜೋಡಣೆಯಲ್ಲೂ ಬೇಡ ಎಂದು ನಾನು ಬರೆದದ್ದು ಮುಖಾಮುಖಿ ಜೋಡಣೆಗೆ ಅನ್ವಯಿಸುವುದಿಲ್ಲ.

ಲೆನ್ಸ್ ಹಾಳಾಗಿಲ್ಲ. ತಿರುಗಿಸಿದಾಗ ಹಿಂಭಾಗದ ಗಾಜು ಮುಂದೆ ಬರುತ್ತದೆ, ಅದಕ್ಕೆ ಹುಡ್ (ಅಡ್ಡ ಬೆಳಕು ತಡೆಯುವ ಮರೆ) ಇಲ್ಲ. ಡಬ್ಬಿಯ ಬಾಯಿಂದ ಬರುವ ಬೆಳಕು ವಸ್ತುವಿಗೆ ಹೋಗುವುದರ ಜೊತೆಗೆ ನೇರವಾಗಿ ಆ ಗಾಜಿಗೂ ಬೀಳುತ್ತಿದೆ. 50ರಲ್ಲಿ ಹಿಂದಿನ ಗಾಜು ಒಳಕ್ಕೆ ಕೂತಿರುವುದರಿಂದ ಅಲ್ಲಿ ಕಡಿಮೆ. ಅಗ್ಗದ ಹಿಂಬದಿ ಲೆನ್ಸ್ ಕ್ಯಾಪ್ ಒಂದನ್ನು ತಂದು ನಡುವೆ 25 ಮಿ.ಮೀ. ತೂತು ಕೊರೆದು, ಒಳಗೆ ಹೊಳಪಿಲ್ಲದ ಕಪ್ಪು ಕಾಗದ ಅಂಟಿಸಿ ಮೌಂಟಿಗೆ ಹಾಕಿ. 55ರಲ್ಲಿಟ್ಟು ನೋಡಿದಾಗ ಮೂಲೆ ಕಪ್ಪಾದರೆ ತೂತನ್ನು ಎರಡು ಮಿ.ಮೀ.ನಂತೆ ಹಿಗ್ಗಿಸುತ್ತಾ ಹೋಗಿ. ಅದೇ ಕ್ಯಾಪ್ ಮೌಂಟಿನ ಚಿನ್ನದ ಬಣ್ಣದ ಸಂಪರ್ಕ ಬಿಂದುಗಳನ್ನೂ ಕೊಂಬೆಯ ಗೀರಿನಿಂದ, ಸಕ್ಕರೆ ನೀರಿನಿಂದ ಕಾಪಾಡುತ್ತದೆ. ಜೊತೆಗೆ ಡಬ್ಬಿಯ ಬಾಯಿಯ ಕೆಳ ಅಂಚಿಗೆ, ಲೆನ್ಸ್ ಕಡೆಗೆ, ಎರಡು ಸೆಂ.ಮೀ. ಅಗಲದ ಕಪ್ಪು ರಟ್ಟಿನ ಪಟ್ಟಿ ಅಂಟಿಸಿ.

ಕ್ಯಾಪ್ ಹಾಕಿದ ಮೇಲೂ ಮಚ್ಚೆ ಉಳಿದರೆ ಕತ್ತಲೆ ಕೋಣೆಯಲ್ಲಿ ಕಪ್ಪು ಬಟ್ಟೆಯ ಮುಂದೆ ಒಂದು ಚಿತ್ರ ತೆಗೆದು ಇಲ್ಲಿ ಹಾಕಿ. ರಿಂಗಿನ ಒಳ ಅಂಚು ಹೊಳೆಯುತ್ತಿದ್ದರೆ ಅದರಲ್ಲಿ ಗೊತ್ತಾಗುತ್ತದೆ.